ವಾಲಿದ ಗುಡ್ಡ

ಆ ಊರಿಗೆ ದಿನ ತಾನಾಗಿ ಬರುತ್ತಿರಲಿಲ್ಲ. ಕರೆಯಬೇಕಿತ್ತು.

ಸೂರ್ಯ ಎಲ್ಲ ಊರುಗಳಂತೆ ಅಲ್ಲಿಯೂ ಹುಟ್ಟುತ್ತಿದ್ದ, ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಬೆಳಕು ಬೇರೆ, ದಿನ ಬೇರೆ. ಬೆಳಕು ಬೀದಿಗೆ ಬಂದು ನಿಲ್ಲುತ್ತಿತ್ತು. ದಿನ ಮನೆಮನೆಯೊಳಕ್ಕೂ ಬರಬೇಕಿತ್ತು. ಹೊಸ್ತಿಲ ಮುಂದೆ ಗೆರೆಯಿಲ್ಲದ ಮನೆಗೆ ಅದು ಕಾಲಿಡುತ್ತಿರಲಿಲ್ಲ. ಅಂಥ ಮನೆಯೊಳಗೆ ನಿನ್ನೆಯೇ ಮುಂದುವರಿಯುತ್ತಿತ್ತು. ನಿನ್ನೆಯ ಸಾರು, ನಿನ್ನೆಯ ಜಗಳ, ನಿನ್ನೆ ಸತ್ತ ನೊಣ ಎದ್ದು ಮತ್ತೆ ಅದೇ ಬೆಲ್ಲದ ಮೇಲೆ. ಬೀದಿಯ ಕೊನೆಯಲ್ಲಿ ಅಂಥ ಮನೆಯೊಂದಿತ್ತು. ಅದರ ಯಜಮಾನ ಯಾವುದೋ ಕಾಲದಲ್ಲಿ ಒಂದು ಬೆಳಿಗ್ಗೆ ಏಳಲು ಸೋಮಾರಿತನ ಮಾಡಿದ್ದ. ಮಾರನೆಯ ಬೆಳಿಗ್ಗೆಯೂ ನಿನ್ನೆಯೇ ಆದ್ದರಿಂದ ಸೋಮಾರಿತನವೂ ಅದೇ ಇತ್ತು. ಅಂದಿನಿಂದ ಆ ಮನೆಯೊಳಗಿಂದ ಒಂದೇ ಮಾತು ಕೇಳಿಬರುತ್ತಿತ್ತು: "ಉಪ್ಪು ಜಾಸ್ತಿಯಾಯ್ತು." ಊರಿನವರು ಆ ಮನೆಯನ್ನು ತೋರಿಸಿ ಮಕ್ಕಳನ್ನು ಹೆದರಿಸುತ್ತಿದ್ದರು. ಮಕ್ಕಳು ಹೆದರುತ್ತಿರಲಿಲ್ಲ. ಹೆದರುತ್ತಿದ್ದವರು ದೊಡ್ಡವರು.

ಗೆರೆ ಎಳೆಯುವ ಕ್ರಮ ಹೇಳುವುದಕ್ಕೆ ಸುಲಭ. ಮೊದಲು ಒಂದು ಉದ್ದನೆಯ ಗೆರೆ. ಅದಕ್ಕೆ ತಾಯಿಗೆರೆ ಎಂದು ಹೆಸರು. ತಾಯಿಗೆರೆಯ ಮೇಲೆ ಎಲ್ಲಾದರೊಂದು ಕಡೆ ಒಂದು ಗುಡ್ಡ ಏಳಬೇಕು. ಗುಡ್ಡ ಎಲ್ಲಿ ಏಳಬೇಕು, ಎಷ್ಟು ಎತ್ತರ, ಯಾವ ಕಡೆಗೆ ವಾಲಬೇಕು ಎನ್ನುವುದು ಆಯಾ ಬೆಳಗಿನ ಕೈಗೆ ಬಿಟ್ಟದ್ದು. ಆಮೇಲೆ ಆ ಗುಡ್ಡದ ಎರಡೂ ಮೈಮೇಲೆ, ಅದರ ಅಕ್ಕಪಕ್ಕದ ಬಯಲಿನ ಮೇಲೆ, ಅಂಥದೇ ಒಂದೊಂದು ಮರಿಗುಡ್ಡ. ಆ ಮರಿಗಳ ಮೈಮೇಲೆ ಅಂಥವೇ ಮರಿಗಳು. ಹೀಗೆಯೇ, ಬೆರಳು ಇನ್ನು ನನ್ನಿಂದಾಗದು ಎನ್ನುವವರೆಗೆ. ತಾಯಿ ಹೇಗೋ ಮರಿಗಳೆಲ್ಲ ಹಾಗೇ ಇರಬೇಕು, ಕಟ್ಟಳೆ ಇಷ್ಟೇ. ಕೊನೆಯ ಮರಿ ಮುಗಿದಾಗ ಬಾಗಿಲು ತೆರೆದ ಹಾಗೆ ಒಂದು ತಂಗಾಳಿ ಬಂದು, ದಿನ ಒಳಗೆ ಹೋಗುತ್ತಿತ್ತು. ಸಂಜೆ ಹೊಳೆಯ ಕಡೆಯಿಂದ ಗಾಳಿ ಬೀಸಿ ಪುಡಿಯನ್ನೆಲ್ಲ ಒಯ್ಯುತ್ತಿತ್ತು. ಮಾರನೆಯ ದಿನ ಮತ್ತೆ ಮೊದಲಿನಿಂದ.

ಆ ಊರಿನಲ್ಲಿ ಹೆಸರುಗಳೂ ಗೆರೆಯಿಂದಲೇ ಬರುತ್ತಿದ್ದವು. ಗೆರೆ ಕಲಿಸಿದವರಿಗೆ ನೀವು ಏನಾಗಬೇಕೋ ಸಾಯುವವರೆಗೂ ನಿಮಗೆ ಅದೇ ಹೆಸರು. ಅಜ್ಜಿಯಿಂದ ಕಲಿತವನೊಬ್ಬ ಬೋಳುತಲೆಯಾಗಿ, ಹಲ್ಲುದುರಿ, ಊರಿನ ಗೆರೆಗಳನ್ನು ನೋಡಿಬರುವ ಹಿರಿಯನಾಗಿದ್ದ; ಅವನನ್ನು ಎಲ್ಲರೂ ಮೊಮ್ಮಗ ಎಂದೇ ಕರೆಯುತ್ತಿದ್ದರು. ಅತ್ತೆಯಿಂದ ಕಲಿತವಳು ಸೊಸೆ. ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು, ಇವಳ ಬೆನ್ನು ಬಾಗಿತ್ತು, ಆದರೂ ಸೊಸೆಯೇ. ಅವಳ ಎದುರುಮನೆಯಲ್ಲಿ ಒಬ್ಬನೇ ಇದ್ದವನು ತಮ್ಮ. ಅವನಿಗೆ ಕಲಿಸಿದವಳು ಅಕ್ಕ.

ಅಕ್ಕ ಈಗ ಇರಲಿಲ್ಲ. ಎಂದರೆ, ಈ ದಡದಲ್ಲಿ ಇರಲಿಲ್ಲ. ಅವಳನ್ನು ಹೊಳೆಯಾಚೆಯ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಆ ಊರಿನಲ್ಲಿ ದಿನಗಳು ಯಾರೂ ಕರೆಯದೆಯೇ ಬರುತ್ತವಂತೆ. ಬಂದರೂ ಯಾರೂ ತಿರುಗಿ ನೋಡುವುದಿಲ್ಲವಂತೆ. ಹೊಳೆ ಹರಿಯುವುದು ಒಂದೇ ಕಡೆಗೆ, ದೋಣಿಯೂ ಒಂದೇ ಕಡೆಗೆ. ಆಚೆಗೆ ಹೋದವರು ಹೋದ ಹಾಗೆ. ಅವರು ಬದುಕಿದ್ದಾರೋ ಇಲ್ಲವೋ ಎಂಬ ಸುದ್ದಿ ಕೂಡ ಪ್ರವಾಹದ ವಿರುದ್ಧ ಈಜಿ ಬರುತ್ತಿರಲಿಲ್ಲ.

ಈ ಊರಿನಲ್ಲಿ ಇನ್ನೊಂದು ನಂಬಿಕೆಯಿತ್ತು. ಒಂದೊಂದು ದಿನಕ್ಕೂ ಅದರದೇ ಗೆರೆ ಇರುತ್ತದೆ. ಹಿಂದೊಂದು ದಿನವನ್ನು ಕರೆದ ಗೆರೆಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮತ್ತೆ ಎಳೆದರೆ, ಅದೇ ದಿನ ಮತ್ತೆ ಒಳಗೆ ಬರುತ್ತದೆ. ಹಾಗಾದದ್ದನ್ನು ಕಂಡವರು ಯಾರೂ ಇರಲಿಲ್ಲ. ಕಂಡವರಿಲ್ಲ ಎಂಬ ಕಾರಣಕ್ಕೆ ನಂಬಿಕೆಗಳು ಸಾಯುವುದಿದ್ದರೆ ಊರುಗಳೇ ಉಳಿಯುತ್ತಿರಲಿಲ್ಲ.

ತಮ್ಮನಿಗೆ ಒಂದು ದಿನ ಬೇಕಾಗಿತ್ತು.

ದೊಡ್ಡ ದಿನವೇನಲ್ಲ. ಅಂದು ಹಬ್ಬವಿರಲಿಲ್ಲ, ನೆಂಟರು ಬಂದಿರಲಿಲ್ಲ. ಅಕ್ಕ ತಲೆಗೆ ನೀರು ಹಾಕಿಕೊಂಡು ಬಂದು ಹೊಸ್ತಿಲ ಮುಂದೆ ಕೂತಿದ್ದಳು. ಬಿಚ್ಚಿದ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಸೀಗೆಕಾಯಿಯ ವಾಸನೆ. ಒಂದು ತುದಿಯಿಂದ ಅವಳು, ಇನ್ನೊಂದು ತುದಿಯಿಂದ ಅವನು. ನಡುವೆ ಉಪ್ಪು ಖಾರ ಹಚ್ಚಿದ ಸೀಬೆಹಣ್ಣಿನ ಹೋಳು. ಒಂದು ಮರಿ ಮುಗಿಸಿದವರಿಗೆ ಒಂದು ಕಡಿತ. ಏನಕ್ಕೋ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಏನಕ್ಕೆ ಎನ್ನುವುದು ಮರೆತುಹೋಗಿತ್ತು. ಅವಳ ಜೊತೆ ಕೂತು ಎಳೆದ ಕೊನೆಯ ಗೆರೆ ಅದು. ಗೆರೆ ಮಾತ್ರ ಅವನ ಕಣ್ಣಿಗೆ ಕಟ್ಟಿದ ಹಾಗಿತ್ತು: ಸರಿಯಾಗಿ ನಟ್ಟನಡುವೆ ಎದ್ದ ಗುಡ್ಡ, ಆಚೆ ಒಂದು ಎಳೆಯಿಲ್ಲ ಈಚೆ ಒಂದು ಎಳೆಯಿಲ್ಲ, ಮರಿಗಳೆಲ್ಲ ಬೊಂಬೆಗಳ ಹಾಗೆ ನೇರ ನಿಂತಿದ್ದವು. ಅಷ್ಟು ಚಂದದ ಗೆರೆಯನ್ನು ಅವನು ಮತ್ತೆ ನೋಡಲೇ ಇಲ್ಲ.

ಆದ್ದರಿಂದ ದಿನಾ ಬೆಳಿಗ್ಗೆ ತಮ್ಮ ಅದನ್ನು ಎಳೆಯಲು ಕೂರುತ್ತಿದ್ದ. ನೆಲಕ್ಕೆ ನೀರು ಚಿಮುಕಿಸಿ, ಅರೆಯಾರುವವರೆಗೆ ಕಾದು, ಬಿಳಿಕಲ್ಲಿನ ಪುಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಉಸಿರು ಬಿಗಿಹಿಡಿದು ತಾಯಿಗೆರೆ. ಆಮೇಲೆ ಗುಡ್ಡ. ಗುಡ್ಡ ನಡುವೆಯೇ ಎದ್ದ ಹಾಗೆ ಕಾಣುತ್ತಿತ್ತು. ದಿನಾ ಹಾಗೇ ಕಾಣುತ್ತಿತ್ತು. ಈ ಕೆಲಸದ ಕೆಟ್ಟತನವೇ ಅದು: ತಪ್ಪು ಆಗುವುದು ಮೊದಲ ಗುಡ್ಡದಲ್ಲಿ, ಆದರೆ ಅಲ್ಲಿ ಕಾಣುವುದಿಲ್ಲ. ಮರಿಗಳಲ್ಲಿ ಒಂದು ಅನುಮಾನ. ಮರಿಮರಿಗಳಲ್ಲಿ ಖಾತ್ರಿ. ಕೂದಲೆಳೆಯಷ್ಟು ಎಡಕ್ಕೆ ಸರಿದ ಗುಡ್ಡ ತನ್ನ ಸಂತಾನವನ್ನೆಲ್ಲ ಎಡಕ್ಕೆ ಎಳೆದುಕೊಂಡು ಹೋಗಿ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಬೇರೆಯೇ ಏನೋ ಆಗಿ ಕೂತಿರುತ್ತಿತ್ತು. ಆ ಹೊತ್ತಿಗೆ ಕಾಲು ಜೋಮು ಹಿಡಿದು, ಬೆನ್ನು ಹಿಡಿದು, ಅಳಿಸಿ ಮತ್ತೆ ಶುರುಮಾಡುವ ಹೊತ್ತೂ ಮೀರಿರುತ್ತಿತ್ತು. ಇನ್ನು ಸೀನು. ಹುಬ್ಬಿನಿಂದ ಜಾರುವ ಬೆವರು. ಒಂದು ಸಲ ಎಲ್ಲವೂ ಸರಿಯಾಗಿದೆ ಎನ್ನುವಾಗ ಇರುವೆಯೊಂದು ಬಂದು ಒಂದು ಶಿಖರವನ್ನು ಹೊತ್ತುಕೊಂಡು ಹೋಯಿತು. ಪುಡಿಗೆ ಅಕ್ಕಿಹಿಟ್ಟು ಬೆರೆಸಿದ್ದು ಅವನದೇ ತಪ್ಪು.

ಹೇಗೆ ಎಳೆದರೂ ಕೊನೆಗೆ ತಂಗಾಳಿ ಬರುತ್ತಿತ್ತು, ದಿನ ಒಳಗೆ ಹೋಗುತ್ತಿತ್ತು. ತಮ್ಮ ಎದ್ದು ಹಿಂದೆಯೇ ಹೋಗಿ ನೋಡುತ್ತಿದ್ದ. ಬಂದದ್ದು ಯಾವಾಗಲೂ ಇವತ್ತೇ.

ಬಿಸಿಲು ಏರುವ ಮುಂಚೆ ಮೊಮ್ಮಗ ಕೋಲೂರಿಕೊಂಡು ಬೀದಿ ಸುತ್ತುತ್ತಿದ್ದ. ಪ್ರತಿ ಮನೆಯ ಮುಂದೆ ನಿಂತು ಗೆರೆ ನೋಡಿ, "ಚೆನ್ನಾಗಿದೆ" ಎಂದು ಮುಂದೆ ಹೋಗುವುದು ಅವನ ಹುದ್ದೆ. ಬೇರೆ ಮಾತು ಹೇಳುವ ಅಧಿಕಾರ ಅವನಿಗಿತ್ತೋ ಏನೋ. ಬಳಸಿದ್ದನ್ನು ಯಾರೂ ಕೇಳಿರಲಿಲ್ಲ.

"ಚೆನ್ನಾಗಿದೆ," ಎಂದ ಮೊಮ್ಮಗ.

"ಏನು ಚೆನ್ನಾಗಿದೆ?" ಎಂದ ತಮ್ಮ. "ಮರಿಗಳೆಲ್ಲ ಎಡಕ್ಕೆ ಬಿದ್ದಿವೆ. ಕಾಣ್ತಾ ಇಲ್ವಾ?"

ಮೊಮ್ಮಗ ಬಗ್ಗಿ ನೋಡಿದ. ಎಡಗಡೆ ನೋಡಿದ, ಬಲಗಡೆ ನೋಡಿದ. "ಎಡಕ್ಕೂ ಚೆನ್ನಾಗಿದೆ," ಎಂದು ಹೋದ.

ಅವನ ಹಿಂದೆಯೇ ತಗಡಿನವನು ಬರುತ್ತಿದ್ದ. ಅವನಿಗೆ ಯಾರೂ ಗೆರೆ ಕಲಿಸಿರಲಿಲ್ಲ, ಹಾಗಾಗಿ ಹೆಸರೂ ಇರಲಿಲ್ಲ. ತೂತು ಕೊರೆದ ತಗಡನ್ನು ನೆಲದ ಮೇಲಿಟ್ಟು ಪುಡಿ ಸುರಿದು ಅಂಗೈಯಿಂದ ಒಮ್ಮೆ ಸವರಿದರೆ ತಾಯಿ, ಮರಿ, ಮರಿಮರಿ ಎಲ್ಲ ಒಟ್ಟಿಗೆ ಬೀಳುತ್ತಿದ್ದವು. ಬೀದಿಯ ಅರ್ಧ ಮನೆಗಳು ತಗಡು ಕೊಂಡಿದ್ದವು. ತಗಡು ಒಂದೇ ಆದರೂ ಪುಡಿ ದಿನಾ ಕೂದಲೆಳೆಯಷ್ಟು ಬೇರೆಯಾಗಿ ಬೀಳುತ್ತಿತ್ತು, ಆ ಮನೆಗಳಿಗೂ ಹೊಸ ದಿನವೇ ಬರುತ್ತಿತ್ತು. ಆ ದಿನಗಳಲ್ಲಿಯೂ ಹಾಲು ಉಕ್ಕುತ್ತಿತ್ತು, ಮಕ್ಕಳು ಬಿದ್ದು ಮಂಡಿ ತರಚಿಕೊಳ್ಳುತ್ತಿದ್ದರು. ಇವನ ದಿನಗಳಿಗಿಂತ ಅವು ಯಾವ ರೀತಿಯಲ್ಲೂ ಕಳಪೆಯಾಗಿರಲಿಲ್ಲ. ತಮ್ಮನಿಗೆ ಹೆಚ್ಚು ಸಂಕಟ ಕೊಡುತ್ತಿದ್ದುದು ಇದೇ.

"ಇನ್ನೂ ಕೈಯಲ್ಲೇ ಗೀಚ್ತಾ ಇದೀರಾ, ಯಜಮಾನರೇ?" ಎಂದ ತಗಡಿನವನು. "ನಡುವೆಯೇ ಗುಡ್ಡ ಇರೋ ತಗಡು ಮಾಡಿಕೊಡ್ತೀನಿ ಅಂದ್ನಲ್ಲ. ಒಂದು ಕೂದಲು ಆಚೀಚೆ ಆದ್ರೆ ನನ್ನ ಕಿವಿ ಹಿಂಡಿ."

"ನಿನ್ನ ತಗಡು ನನ್ನ ಅಕ್ಕನ್ನ ನೋಡಿದೆಯೇನೋ?"

"ನಿಮ್ಮ ಪುಡಿ ನೋಡಿದೆಯಾ?"

ಎದುರು ಜಗಲಿಯಿಂದ ಸೊಸೆ ನಕ್ಕ ಸದ್ದು ಕೇಳಿಸಿತು. ಅವಳು ತನ್ನ ಗೆರೆಯನ್ನು ಬೇಗ ಬೇಗ ಮುಗಿಸಿ, ಜಗಲಿಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತ, ಇವನ ಒದ್ದಾಟ ನೋಡುವುದನ್ನು ದಿನಚರಿ ಮಾಡಿಕೊಂಡಿದ್ದಳು.

"ಏನೋ ತಮ್ಮ, ಇವತ್ತೂ ಇವತ್ತೇ ಬಂತಾ?"

"ಹೂಂ, ಸೊಸೆಮ್ಮ. ಇವತ್ತೇ."

"ಪಾಪ. ಅದಕ್ಕೂ ಬೇರೆ ಮನೆಯಿಲ್ಲ."

ಹೀಗೆ ವರ್ಷಗಳು ಹೋದವು. ತಮ್ಮನ ತಲೆ ನೆರೆಯಿತು. ಕೈ ಮಾತ್ರ ಪಳಗಿತು. ಎಡಕ್ಕೆ ಸರಿಯುತ್ತಿದ್ದ ಗುಡ್ಡ ಅರ್ಧ ಎಳೆಯಷ್ಟೇ ಸರಿಯತೊಡಗಿತು, ಆಮೇಲೆ ಕಾಲು ಎಳೆ. ಮರಿಗಳಲ್ಲಿ ಅನುಮಾನ ಬರುತ್ತಿರಲಿಲ್ಲ. ಮರಿಮರಿಗಳಲ್ಲಿಯೂ ಬರುತ್ತಿರಲಿಲ್ಲ. ಬೆರಳು ಸೋಲುವ ಆ ಕೊನೆಯ ಸಾಲಿನಲ್ಲಿ ಮಾತ್ರ ಒಂದಿಷ್ಟು ಅಳುಕು. ಅವನು ನಗುವುದನ್ನು ಬಿಟ್ಟ, ನಕ್ಕರೆ ಕೈ ಅಲುಗುತ್ತದೆ. ಸೀಬೆಹಣ್ಣು ಬಿಟ್ಟ, ಬೆರಳು ಜಿಗುಟಾಗುತ್ತದೆ. ತಲೆಗೆ ನೀರು ಹಾಕಿಕೊಂಡ ದಿನ ಕೂದಲು ಪೂರ್ತಿ ಆರುವವರೆಗೆ ಹೊಸ್ತಿಲ ಹತ್ತಿರ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗುಡ್ಡ ನಡುವೆಯೇ ಎದ್ದಿತು.

ಎದ್ದ ಹಾಗೆ ಕಂಡದ್ದಲ್ಲ, ಎದ್ದೇ ಎದ್ದಿತು. ಅದು ಅವನ ಬೆರಳಿಗೆ ಗೊತ್ತಾಯಿತು. ಮರಿಗಳು ನೇರ ನಿಂತವು. ಮರಿಮರಿಗಳು ನೇರ ನಿಂತವು. ಗಾಳಿ ಇರಲಿಲ್ಲ, ಇರುವೆ ಇರಲಿಲ್ಲ, ಬೆವರು ಕೂಡ ಹುಬ್ಬಿನಲ್ಲೇ ನಿಂತು ಕಾಯುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ಅವನ ಬೆನ್ನ ಹಿಂದೆ, ಖಾಲಿ ಮನೆಯೊಳಗೆ, ಸದ್ದಾಯಿತು.

ಮೊದಲು ಬಳೆಗಳ ಸದ್ದು. ಆಮೇಲೆ ಮಲ್ಲಿಗೆಯ ವಾಸನೆ, ಮುಡಿಗೆ ದಂಡಿ ಕಟ್ಟಿದಷ್ಟು ಮಲ್ಲಿಗೆ. ಆಮೇಲೆ ಕಬ್ಬಿಣದ ಪೆಟ್ಟಿಗೆಯನ್ನು ನೆಲದ ಮೇಲೆ ಯಾರೋ ಎಳೆಯುವ ಕಿರ್ರ್ ಸದ್ದು. ದೂರ ಹೊಳೆಯ ಕಡೆಯಿಂದ ದೋಣಿಯವನ ಕೊಂಬು.

ಬರ್ತಾ ಇದೆ, ಎಂದುಕೊಂಡ ತಮ್ಮ. ಅಂತೂ ಬರ್ತಾ ಇದೆ. ಅವನ ಕಣ್ಣು ಮಂಜಾಯಿತು, ಕೈ ಮಾತ್ರ ಮಂಜಾಗಲಿಲ್ಲ. ಇನ್ನು ಉಳಿದದ್ದು ಬಲತುದಿಯ ಒಂದು ಗೊಂಚಲು ಮರಿಗಳು.

ಪುಡಿಯ ಮೇಲೆ ಒಂದು ನೆರಳು ಬಿತ್ತು. ಆಮೇಲೆ ಒಂದು ಕಾಲು.

ಹಿಮ್ಮಡಿ ಒಡೆದ, ಬೆರಳಿಗೆ ಕಾಲುಂಗುರ ಹಾಕಿದ ಕಾಲು. ಅದು ಗುಡ್ಡದ ನೆತ್ತಿಯ ಮೇಲೆ ನಿಂತು, ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ, ಚೆನ್ನಾಗಿ ಉಜ್ಜಿತು. ತಾಯಿ ಹೋಯಿತು, ಮರಿಗಳು ಹೋದವು. ಮನೆಯೊಳಗಿನ ಪೆಟ್ಟಿಗೆ ಸದ್ದು ಅರ್ಧಕ್ಕೆ ನಿಂತಿತು.

ಆ ಊರಿನಲ್ಲಿ ಕೊಲೆಗಳಾಗಿದ್ದವು. ಇನ್ನೊಬ್ಬರ ಗೆರೆ ಅಳಿಸಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅದೇ ಹೊತ್ತಿಗೆ ಅಲ್ಲಿಗೆ ಬಂದಿದ್ದ ಮೊಮ್ಮಗ ಬಾಯಿ ತೆರೆದ. ಏನಾದರೂ ಹೇಳಲೇಬೇಕಿತ್ತು. ಅವನಿಗೆ ಬರುತ್ತಿದ್ದುದು ಒಂದೇ ಮಾತು. "ಚೆನ್ನಾಗಿದೆ," ಎಂದು ಹೇಳಿ, ಹೇಳಿದ್ದಕ್ಕೆ ತಾನೇ ಬೆಚ್ಚಿ, ಬೇಗ ಬೇಗ ಕೋಲೂರಿಕೊಂಡು ಹೋದ.

ತಮ್ಮ ತಲೆಯೆತ್ತಿದ. ಸೊಸೆ ಏದುಸಿರು ಬಿಡುತ್ತ ನಿಂತಿದ್ದಳು.

"ಏನು ಮಾಡಿದ್ರಿ?" ಎಂದ. ಮತ್ತೆ ಕೇಳಿದ, "ಏನು ಮಾಡಿದ್ರಿ, ಸೊಸೆಮ್ಮ? ಬಂದಿತ್ತು. ಬಾಗಿಲ ತನಕ ಬಂದಿತ್ತು."

"ಬಂದಿತ್ತು. ನನಗೂ ಕೇಳಿಸ್ತು. ಅದಕ್ಕೇ ಓಡಿ ಬಂದೆ. ಈ ಮಂಡಿ ಇಟ್ಟುಕೊಂಡು ನಾನು ಓಡೋದು ಅಂದ್ರೇನು ಗೊತ್ತೇನೋ ನಿನಗೆ?"

"ನಿಮಗೆ ಹೊಟ್ಟೆಕಿಚ್ಚು."

"ಇತ್ತು. ಆಗ ಇತ್ತು. ಈಗ ಬಾಯಿ ಮುಚ್ಚಿಕೊಂಡು ಕೇಳು." ಅವಳು ಅವನ ಹೊಸ್ತಿಲ ಮೇಲೆಯೇ ಕುಸಿದು ಕೂತಳು. "ಆ ಪೆಟ್ಟಿಗೆ ಯಾರದು?"

ತಮ್ಮ ಬಾಗಿಲ ಕಡೆಗೆ ತಿರುಗಿದ.

"ಮಲ್ಲಿಗೆ ದಂಡಿ ಯಾರು ಮುಡಿದಿದ್ದರು? ಕೊಂಬು ಊದಿದ್ದು ಯಾವತ್ತು? ಪೆದ್ದೇ. ಇಷ್ಟು ವರ್ಷ ಕೂತು ಕೂತು ನೀನು ಕರೀತಾ ಇದ್ದದ್ದು ಅವಳು ಹೋದ ದಿನಾನ."

"ಇಲ್ಲ," ಎಂದ ತಮ್ಮ. "ಈ ಗೆರೆ ಸೀಬೆಹಣ್ಣಿನ ದಿನದ್ದು. ನಾವಿಬ್ಬರೂ ಕೂತು ಎಳೆದದ್ದು. ಅವಳ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ನನಗೆ ಚೆನ್ನಾಗಿ ನೆನಪಿದೆ."

"ತೊಟ್ಟಿಕ್ಕುತ್ತಿತ್ತು. ಸರಿ. ನಿನ್ನ ಈ ಗೆರೆ ಮೇಲೆ ಒಂದಾದರೂ ಹನಿ ಬಿದ್ದ ಕಲೆ ಇತ್ತೇನೋ?"

ತಮ್ಮ ಕಣ್ಣು ಮುಚ್ಚಿ ನೋಡಿದ. ಅಷ್ಟು ವರ್ಷ ಕಣ್ಣಿಗೆ ಕಟ್ಟಿದ್ದ ಗೆರೆ ಮೂಡಿಬಂತು. ನಟ್ಟನಡುವೆ ಗುಡ್ಡ, ನೇರ ನಿಂತ ಮರಿಗಳು. ಅದರ ಮೇಲೆ ಒಂದು ಹನಿಯ ಕಲೆಯೂ ಇರಲಿಲ್ಲ. ಒಣ ನೆಲದ ಮೇಲೆ ಕೂದಲು ಬಿಗಿಯಾಗಿ ಕಟ್ಟಿದ ಯಾರೋ ಒಬ್ಬರೇ ಕೂತು, ಯಾರ ಜೊತೆಗೂ ಮಾತಾಡದೆ, ನಗದೆ, ಎಳೆದ ಗೆರೆ ಅದು.

"ಅವತ್ತು ಬೆಳಿಗ್ಗೆ ಅವಳೇ ಎದ್ದು ಒಬ್ಬಳೇ ಹಾಕಿದ್ದು," ಎಂದಳು ಸೊಸೆ. "ನೀನು ಮುನಿಸಿಕೊಂಡು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ದೋಣಿ ಹೋದ ಮೇಲೆ ಬಂದು ಈ ಗೆರೆ ಮುಂದೆ ಕೂತೆ ನೋಡು, ಸಂಜೆ ಗಾಳಿ ಬರೋ ತನಕ ಕದಲಲಿಲ್ಲ. ಅದಕ್ಕೇ ಅದೇ ಅಚ್ಚಾಗಿ ಕೂತಿದೆ ನಿನ್ನ ತಲೇಲಿ. ಸೀಬೆಹಣ್ಣು ಅದರ ಹಿಂದಿನ ದಿನದ್ದು."

"ಹಿಂದಿನ ದಿನದ ಗೆರೆ ಹೇಗಿತ್ತು?"

"ಥೂ, ಕೇಳಬೇಡ. ಅಷ್ಟು ಸೊಟ್ಟ ಗೆರೆ ಈ ಬೀದೀಲಿ ಯಾರೂ ಹಾಕಿಲ್ಲ." ಸೊಸೆಯ ಮುಖದಲ್ಲಿ ನಗು ಹುಟ್ಟಿತು. "ನಾನಾಗ ಹೊಸದಾಗಿ ಬಂದವಳು. ಅತ್ತೆ ತಲೆ ಮೇಲೆ ನಿಂತು ಕಲಿಸ್ತಾ ಇದ್ಲು. ಎದುರಿಗೆ ನೀವಿಬ್ಬರು. ನಿನ್ನ ಅಕ್ಕನಿಗೆ ಬಿಕ್ಕಳಿಕೆ."

"ಬಿಕ್ಕಳಿಕೆ?"

"ಹೂಂ ಕಣೋ. ಬೆಳಗಿಂದ ನಿಂತಿರಲಿಲ್ಲ. ಗುಡ್ಡ ಏಳಿಸೋ ಹೊತ್ತಿಗೆ ಸರಿಯಾಗಿ ಒಂದು ಬಂತು. ಕೈ ಹಾರಿತು. ಗುಡ್ಡ ಕುಡುಕನ ರುಮಾಲಿನ ಹಾಗೆ ಒಂದು ಕಡೆ ವಾಲಿಬಿಡ್ತು. ಅಳಿಸ್ತಾಳೆ ಅಂದುಕೊಂಡೆ. ಅಳಿಸಲಿಲ್ಲ. 'ತಾಯಿ ವಾಲಿದ ಮೇಲೆ ಮರಿಗಳೂ ವಾಲಲಿ ಬಿಡು' ಅಂದ್ಲು. ಅಂದು, ಅದೇ ಸೊಟ್ಟವನ್ನು ಎಲ್ಲ ಮರಿಗೂ ಹಾಕಿದಳು. ನೀನೂ ಹಾಕಿದೆ. ಮುಗಿದಾಗ ನೋಡಿದರೆ ಅದು ಗುಡ್ಡವೇ ಅಲ್ಲ, ಜರೀಗಿಡದ ಹಾಗೆ ಎಲೆ ಎಲೆಯಾಗಿ ಎದ್ದು ನಿಂತಿತ್ತು. ಹನಿ ಬಿದ್ದ ಕಡೆಯೆಲ್ಲ ಇಬ್ಬನಿ ಬಿದ್ದ ಹಾಗೆ. ನಾನು ಅದನ್ನೇ ನೋಡ್ತಾ ನನ್ನ ಗುಡ್ಡಾನೂ ವಾಲಿಸಿದೆ. ಅತ್ತೆ ಕೆನ್ನೆಗೆ ಬಿಟ್ಟಳು. ಹೊಟ್ಟೆಕಿಚ್ಚು ಅಂದೆಯಲ್ಲ, ಇದೇ."

ತಮ್ಮ ಚೆದುರಿದ ಪುಡಿಯನ್ನು ಬೆರಳಿನಿಂದ ಸವರಿದ. ಆಮೇಲೆ ಕೇಳಿದ, "ನಾವು ನಕ್ಕಿದ್ದು ಏನಕ್ಕೆ?"

"ಬಿಕ್ಕಳಿಕೆ ಬಂದರೆ ಏನು ಮಾಡ್ತಾರೆ? ಯಾರು ನೆನೆಸ್ಕೊಳ್ತಾ ಇದಾರೆ ಅಂತ ಒಂದೊಂದೇ ಹೆಸರು ಹೇಳ್ತಾರೆ. ಸರಿಯಾದ ಹೆಸರಿಗೆ ನಿಲ್ಲುತ್ತೆ. ಅವಳೂ ಹೇಳಿದಳು. ಅಮ್ಮ ಅಂದ್ಲು, ನಿಲ್ಲಲಿಲ್ಲ. ಅಪ್ಪ, ಅತ್ತೆ, ಚಿಕ್ಕಮ್ಮ, ಯಾರಿಗೂ ನಿಲ್ಲಲಿಲ್ಲ. ಆಚೆ ದಡದ ಗಂಡಿನ ಹೆಸರನ್ನೂ ಹೇಳಿದಳು, ನಾಚಿಕೊಂಡು. ಅದಕ್ಕೂ ಇಲ್ಲ. ಕೊನೆಗೆ 'ಇನ್ನು ಉಳಿದವನು ತಮ್ಮ ಒಬ್ಬ' ಅಂದ್ಲು ನೋಡು, ಟಕ್ಕಂತ ನಿಂತುಬಿಡ್ತು."

"ನಾನು ಪಕ್ಕದಲ್ಲೇ ಇದ್ದೆನಲ್ಲ."

"ಅದನ್ನೇ ಅಂದೆ ನೀನು. 'ನಾನು ಇಲ್ಲೇ ಇದೀನಲ್ಲಕ್ಕ, ನಾನ್ಯಾಕೆ ನಿನ್ನ ನೆನೆಸ್ಕೊಳ್ಳಲಿ?' ಅಂದೆ. ಅದಕ್ಕೆ ಅವಳು, 'ಈಗ ಅಲ್ಲವೋ, ಮುಂದೆ ಯಾವಾಗಲೋ ನೆನೆಸ್ಕೊಳ್ತೀಯಲ್ಲ, ಅದು ದಾರಿ ತಪ್ಪಿ ಈಗ ಬಂದಿದೆ' ಅಂದ್ಲು. ಇಬ್ಬರೂ ನೆಲದ ಮೇಲೆ ಉರುಳಾಡಿ ನಕ್ಕಿರಿ."

ಸೊಸೆ ಸೆರಗಿನಿಂದ ಕಾಲಿನ ಪುಡಿ ಒರೆಸಿಕೊಂಡು ಎದ್ದು ಹೋದಳು.

ಅವತ್ತು ತಮ್ಮ ಇನ್ನೊಂದು ಗೆರೆ ಎಳೆಯಲಿಲ್ಲ. ಅವನ ಮನೆಯೊಳಗೆ ನಿನ್ನೆಯೇ ಉಳಿಯಿತು. ನಿನ್ನೆ ಮಾಡಿದ ಉಪ್ಪಿಟ್ಟನ್ನು ಮತ್ತೆ ತಿಂದ, ನಿನ್ನೆ ಒಡೆದ ಲೋಟ ಕೈಯಿಂದ ಜಾರಿ ಮತ್ತೆ ಒಡೆಯಿತು. ಹೊರಗೆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇವತ್ತು ನಡೆಯುತ್ತಿತ್ತು. ಅವನು ಕೂತು ಲೆಕ್ಕ ಹಾಕಿದ: ನಗುವುದನ್ನು ಬಿಟ್ಟದ್ದು, ಸೀಬೆಹಣ್ಣು ಬಿಟ್ಟದ್ದು, ಒದ್ದೆ ಕೂದಲಿಗೆ ಹೆದರಿದ್ದು. ಆ ದಿನದಲ್ಲಿ ಏನೇನಿತ್ತೋ ಅದನ್ನೆಲ್ಲ ಒಂದೊಂದಾಗಿ ಗುಡಿಸಿ ಹೊರಗೆ ಹಾಕಿ, ಆಮೇಲೆ ಅದನ್ನು ಬಾ ಎಂದು ಕರೆದಿದ್ದ. ಕೈ ಪಳಗಿದಷ್ಟೂ ದೂರ ಹೋಗಿದ್ದ. ಇದರಲ್ಲಿ ದುಃಖಪಡುವಂಥದೂ ಇತ್ತು, ನಗುವಂಥದೂ ಇತ್ತು. ನಿನ್ನೆ ಅವನು ನಕ್ಕಿರಲಿಲ್ಲವಾದ್ದರಿಂದ ಆ ಮನೆಯೊಳಗೆ ನಗಲೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಅವನ ಹೊಸ ಪಾಡು ಶುರುವಾಯಿತು. ವಾಲಿದ ಗುಡ್ಡ ಬೇಕು ಎಂದು ವಾಲಿಸಿ ಎಳೆದ. ಬೇಕೆಂದು ವಾಲಿಸಿದ ಗುಡ್ಡ ವಾಲಿದ ಹಾಗೆ ಕಾಣುವುದಿಲ್ಲ, ನಟಿಸಿದ ಹಾಗೆ ಕಾಣುತ್ತದೆ. ಮರಿಗಳಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಸರಿ, ಬಿಕ್ಕಳಿಕೆಯನ್ನೇ ತರಿಸಿಕೊಳ್ಳೋಣ ಎಂದು ಒಣ ಅವಲಕ್ಕಿ ಮುಕ್ಕಿದ. ಚಟ್ನಿಪುಡಿ ನುಂಗಿದ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಬಿಕ್ಕಳಿಕೆ ಬಂದರೂ ಗೆರೆ ಮುಗಿದ ಮೇಲೆ ಬಂತು.

"ಅದನ್ನ ನೀನು ತಿಂದು ತರಿಸೋಕಾಗಲ್ಲ ಕಣೋ," ಎಂದಳು ಸೊಸೆ ಜಗಲಿಯಿಂದ. "ಯಾರಾದರೂ ನೆನೆಸ್ಕೋಬೇಕು."

"ನನ್ನನ್ನು ಯಾರು ನೆನೆಸ್ಕೊಳ್ತಾರೆ, ಸೊಸೆಮ್ಮ?"

ಸೊಸೆ ಎಲೆ ಅಡಿಕೆ ಅಗಿದಳು. ಅದು ಅವನು ನಿಜವಾಗಿಯೂ ಕೇಳಿದ ಪ್ರಶ್ನೆ ಎಂದು ಅವಳಿಗೆ ಗೊತ್ತಾಯಿತು. ಆಚೆ ದಡದಲ್ಲಿ ದಿನಗಳು ಕರೆಯದೆ ಬರುತ್ತವೆ. ಅಲ್ಲಿಯವರಿಗೆ ಯಾವ ದಿನವನ್ನೂ ಹಿಂದಿರುಗಿ ನೋಡುವ ಅಗತ್ಯವಿಲ್ಲ. ಅಕ್ಕ ಅಲ್ಲಿ ಮುದುಕಿಯಾಗಿರಬೇಕು. ಇಲ್ಲವಾಗಿರಲೂಬಹುದು. ಈ ಹೊಸ್ತಿಲು ಅವಳಿಗೆ ನೆನಪಿದೆಯೋ ಇಲ್ಲವೋ. ಅಷ್ಟು ವರ್ಷಗಳ ಗೆರೆಯ ಕೆಳಗೆ ತಮ್ಮ ಕೇಳುತ್ತಿದ್ದದ್ದು ಇದೊಂದನ್ನೇ ಇರಬಹುದು.

"ಸೀಬೆಹಣ್ಣು ಬಂದಿದೆ, ತಿಂತೀಯಾ?" ಎಂದಳು.

ತಿಂದ.

ಮಳೆ ಬಂದು ಹೋಯಿತು. ತಮ್ಮ ಹುಡುಕುವುದನ್ನು ಬಿಟ್ಟ. ಬೇರೆ ಎಲ್ಲರ ಹಾಗೆ ಆಯಾ ದಿನ ಬರಲಿ ಎಂದಷ್ಟೇ ಎಳೆಯುತ್ತಿದ್ದ. ಗುಡ್ಡ ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ. ತಗಡಿನವನು ಕೀಟಲೆ ಮಾಡಿದರೆ ತಾನೂ ಮಾಡುತ್ತಿದ್ದ. ಮೊಮ್ಮಗ ಚೆನ್ನಾಗಿದೆ ಎಂದರೆ "ಹೌದಾ? ಸಂತೋಷ" ಎನ್ನುತ್ತಿದ್ದ, ಮೊಮ್ಮಗ ಗಲಿಬಿಲಿಗೊಳ್ಳುತ್ತಿದ್ದ, ಅಲ್ಲಿಯವರೆಗೆ ಆ ಮಾತಿಗೆ ಯಾರೂ ಸಂತೋಷಪಟ್ಟಿರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ, ತಲೆಗೆ ನೀರು ಹಾಕಿಕೊಂಡವನು ಆರುವವರೆಗೆ ಕಾಯಲು ಬೇಸರವಾಗಿ ಹಾಗೇ ಬಂದು ಕೂತ. ತಾಯಿಗೆರೆ ಎಳೆದ. ಮನಸ್ಸಿನಲ್ಲಿ ಏನೂ ಇರಲಿಲ್ಲ. ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದ. ಗುಡ್ಡ ಏಳಿಸಲು ಬೆರಳು ಎತ್ತಿದ.

ಹಿಕ್.

ಕೈ ಹಾರಿತು. ಗುಡ್ಡ ಅರ್ಧ ಏರಿ, ಏನೋ ನೆನಪಾದ ಹಾಗೆ ಒಂದು ಕಡೆಗೆ ವಾಲಿ ನಿಂತಿತು.

ತಮ್ಮ ಅದನ್ನು ನೋಡಿದ. ಪಳಗಿದ ಕೈ ತಾನಾಗಿ ಅಳಿಸಲು ಹೋಯಿತು. ಅವನು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

ಹಿಕ್.

ಎದುರು ಜಗಲಿಯಲ್ಲಿ ಸೊಸೆ ಎದ್ದು ನಿಂತಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು, ಬೀದಿ ದಾಟಿ ಬಂದಳು. ನೆಲ ನೋಡಿ ಚೊಂಬನ್ನು ಮುಂದೆ ಹಿಡಿದಳು.

"ನೀರು ಬೇಡ," ಎಂದ ತಮ್ಮ. ಮರಿಗಳಿಗೂ ಅದೇ ಸೊಟ್ಟ ಹಾಕತೊಡಗಿದ. ಕೂದಲಿನಿಂದ ಒಂದು ಹನಿ ಬಿತ್ತು. ಅದನ್ನೂ ಬಿಟ್ಟ.

"ಹೆಸರು ಹೇಳು ಮತ್ತೆ."

"ಮೊಮ್ಮಗ," ಎಂದ ತಮ್ಮ. ಹಿಕ್. "ತಗಡಿನವನು." ಹಿಕ್. "ಸೊಸೆಮ್ಮ."

"ನಾನು ಇಲ್ಲೇ ಇದೀನಲ್ಲೋ, ನಾನ್ಯಾಕೆ ನೆನೆಸ್ಕೊಳ್ಳಲಿ?"

ಇಬ್ಬರಿಗೂ ನಗು ಬಂತು. ಹಿಕ್. ಅವನು ಬೀದಿಯ ಹೆಸರುಗಳನ್ನೆಲ್ಲ ಹೇಳಿದ. ಸತ್ತವರ ಹೆಸರು ಹೇಳಿದ. ಉಪ್ಪು ಜಾಸ್ತಿಯಾದ ಮನೆಯವನ ಹೆಸರನ್ನೂ ಹೇಳಿದ. ಯಾರಿಗೂ ನಿಲ್ಲಲಿಲ್ಲ. ಬಿಕ್ಕಳಿಕೆ ಎಂಬುದು ಎಂದಾದರೂ ನಿಂತೇ ನಿಲ್ಲುತ್ತದೆ, ಆ ಹೊತ್ತಿಗೆ ಬಾಯಲ್ಲಿ ಯಾರ ಹೆಸರಿದೆಯೋ ಅವರಿಗೆ ಆ ಪುಣ್ಯ ಸಲ್ಲುತ್ತದೆ. ಇದು ತಮ್ಮನಿಗೂ ಗೊತ್ತಿತ್ತು. ನೆಲದ ಮೇಲೆ ಗುಡ್ಡಗಳು ಎಲೆಗಳಾಗುತ್ತಿದ್ದವು. ಬೆನ್ನ ಹಿಂದೆ ಬಾಗಿಲು ತೆರೆದಿತ್ತು. ಅಲ್ಲಿಂದ ಏನೋ ವಾಸನೆ ಬಂದ ಹಾಗಾಯಿತು, ಸೀಗೆಕಾಯಿಯದೋ, ತನ್ನದೇ ತಲೆಯದೋ. ಅವನು ತಿರುಗಿ ನೋಡಲಿಲ್ಲ.

"ಒಂದು ಹೆಸರು ಬಿಟ್ಟೆಯಲ್ಲೋ," ಎಂದಳು ಸೊಸೆ ಮೆಲ್ಲಗೆ.

"ಗೊತ್ತು."

"ಹೇಳು ಮತ್ತೆ. ಎದೆ ನೋಯುತ್ತೆ."

"ಹೇಳಿದ್ರೆ ನಿಂತುಬಿಡುತ್ತೆ, ಸೊಸೆಮ್ಮ."

ಸೊಸೆ ಕೈಯಲ್ಲಿದ್ದ ಚೊಂಬನ್ನು ನೋಡಿದಳು. ಆ ನೀರನ್ನು ತಾನೇ ಕುಡಿದಳು.

ತಮ್ಮ ಚಿಟಿಕೆಯಲ್ಲಿ ಪುಡಿ ಹಿಡಿದು ಮುಂದಿನ ಮರಿಯ ಮೇಲೆ ಬಗ್ಗಿದ. ಎಳೆಯಲಿಲ್ಲ, ಮುಂದಿನ ಬಿಕ್ಕಳಿಕೆಗೆ ಕಾದ. ಬಂತು. ಗುಡ್ಡ ವಾಲಿತು.